ಮುಯ್ಯಾಳುಗಳಿಗೆ ನಾನು ಮಾಡಿದ ಭಾಷಣ

ಸೇವಾಸಂಸ್ಥೆಯೊಂದರ ಆಡಳಿತ ಮಂಡಳಿಗೆ ಸದಸ್ಯನಾಗಲು ಬೇಕಾದ ಅರ್ಹತೆಗಳೆಲ್ಲ ನನ್ನಲ್ಲಿದ್ದವು. ಇಸ್ತ್ರಿ ಮಾಡಿದ ಜುಬ್ಬಾ ಇತ್ತು. ಕನ್ನಡ, ತಮಿಳು ಎರಡರಲ್ಲೂ ಉಸಿರು ಬಿಡದೆ ಮಾತಾಡಬಲ್ಲೆ. ಹೊಲದ ಕೆಲಸವನ್ನೆಲ್ಲ ಹೆಂಡತಿ ನೋಡಿಕೊಳ್ಳುತ್ತಿದ್ದುದರಿಂದ ಸಮಾಜದ ಚಿಂತೆಗೆ ಬೇಕಾದಷ್ಟು ಬಿಡುವೂ ಇತ್ತು!

ಎಂಬತ್ತರ ದಶಕದ ಆರಂಭವಿರಬೇಕು. ಹಾಗೆಂದು ನನ್ನ ನೆನಪು ಹೇಳುತ್ತದೆ. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ ನೀವು ಪೂರ್ತಿ ನಂಬಬೇಡಿ. ತಮಿಳುನಾಡಿನ ದಿಂಬಂ ಘಾಟಿಯ ಕೆಳಗಿನ ಕೆಲವು ಸಜ್ಜನರು ಸೇರಿ ಒಂದು ಸಂಸ್ಥೆ ಕಟ್ಟಿದ್ದರು. ಊರಿನ ದುಡಿಮೆ ಊರಿಗೇ ದಕ್ಕಬೇಕು, ಜನ ಒಬ್ಬರಿಗೊಬ್ಬರು ಒದಗಬೇಕು, ಹೊರಗಿನವರ ಕೈ ನೋಡಬಾರದು ಎಂಬುದು ಅದರ ಧ್ಯೇಯ. ಬೆಟ್ಟದ ಮೇಲಿನ ಪ್ರತಿನಿಧಿಯಾಗಿ ದೊಡ್ಡಗಾಜನೂರಿನ ನನ್ನನ್ನು ಆರಿಸಿದರು. ಈ ಸುದ್ದಿಯನ್ನು ಹೆಂಡತಿ ನೀಲಮ್ಮನಿಗೆ ತಕ್ಕ ಗಾಂಭೀರ್ಯದಿಂದ ತಿಳಿಸಿದೆ.

"ಅಲ್ಲಿ ನಿಮ್ಗೇನ್ ಕೆಲ್ಸ?" ಅಂದಳು.

"ಜನ್ರ ಒಂದ್ಗೂಡ್ಸೋದು."

"ಮೊದ್ಲು ನಮ್ ಒಲಕ್ಕೆ ಒಂದ್ಗೂಡ್ಸಿ. ರಾಗಿ ಬಲ್ತು ನಿಂತದೆ, ಆಸನೂರ್ ಕಡೆ ಮೋಡ ಕಟ್ತಾ ಅದೆ. ನೆಂದು ಮೊಳಕೆ ಒಡುದ್ರೆ ವರ್ಸೆಲ್ಲ ಏನ್ ಉಣ್ಣದು? ನಿಮ್ ಮಂಡ್ಳಿಯಾ?"

ಆ ರಾಗಿಯೇ ನಮ್ಮ ಇಡೀ ವರ್ಷದ ಮುದ್ದೆ. ಆದರೆ ನನಗೆ ಚಿಂತೆ ಇರಲಿಲ್ಲ. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿ ಇಲ್ಲ, ಮಧ್ಯಾಹ್ನದ ಊಟ ಮಾತ್ರ. ಕೇರಿಯ ಎಲ್ಲರ ಹೊಲದಲ್ಲೂ ನೀಲಮ್ಮ ಬೆನ್ನು ಬಗ್ಗಿಸಿ ಕೊಯ್ದು ಬಂದಿದ್ದಳು. ಗುರುವಾರ ನಮ್ಮ ಸರದಿ.

ಅಷ್ಟರಲ್ಲಿ ಸಂಸ್ಥೆಯ ಅಧ್ಯಕ್ಷರು ಹೇಳಿಕಳಿಸಿದರು: ಗುರುವಾರವೇ ಬೆಟ್ಟಕ್ಕೆ ಬರುತ್ತೇನೆ, ಜನರನ್ನು ಸೇರಿಸಿ! ನನ್ನ ಬುದ್ಧಿ ಮಿಂಚಿನಂತೆ ಕೆಲಸ ಮಾಡಿತು. ಜನ ಹೇಗೂ ಹೊಲದಲ್ಲಿ ಸೇರಿರುತ್ತಾರೆ. ಸಭೆ ಅಲ್ಲೇ ಆಗಲಿ. ಒಂದಿಷ್ಟು ಹೊತ್ತು ಭಾಷಣ, ಆಮೇಲೆ ಕೊಯ್ಲು!

ಗುರುವಾರ ಹೊತ್ತು ಮೂಡುವಾಗಲೇ ಮುಯ್ಯಾಳುಗಳು ಕುಡುಗೋಲು ಹಿಡಿದು ಬಂದರು. ಮುಂದೆ ಶಿವಮಲ್ಲಪ್ಪ, ವರಸೆಯಲ್ಲಿ ನನಗೆ ದೊಡ್ಡಪ್ಪ.

"ಎಲ್ಲಿಂದ ಸುರು ಮಾಡನ್ಲಾ?"

"ವಸಿ ತಡೀರಿ ದೊಡ್ಡಪ್ಪ. ಅಧ್ಯಕ್ಷರು ಬತ್ತಾವ್ರೆ. ಎಲ್ಲಾ ಸಾಲಾಗಿ ಕೂತ್ಕಳಿ."

ಕೂತರು. ಅಧ್ಯಕ್ಷರ ಜೀಪು ಘಾಟಿ ಹತ್ತಿ ಬಿಸಿಯಾಗಿ ಹಾಸನೂರಿನಲ್ಲಿ ನಿಂತುಬಿಟ್ಟಿತ್ತಂತೆ. ಅವರು ಬರುವ ಹೊತ್ತಿಗೆ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ತಮಿಳಿನಲ್ಲಿ ಮಾತಾಡಿದರು. "ಒಬ್ಬರ ಹೊಲದಲ್ಲಿ ಎಲ್ಲರೂ ದುಡಿಯಬೇಕು. ನಾಳೆ ಅವರು ನಿಮ್ಮ ಹೊಲದಲ್ಲಿ ದುಡಿಯುತ್ತಾರೆ. ಎಂಥ ಅದ್ಭುತ, ಯೋಚಿಸಿ!" ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಅದನ್ನೆಲ್ಲ ಕನ್ನಡಕ್ಕೆ ಅನುವಾದಿಸಿದೆ. ಅಲ್ಲಿದ್ದವರಲ್ಲಿ ತಮಿಳು ಬಾರದವರು ಯಾರೂ ಇರಲಿಲ್ಲ. ಸಂತೆಯಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡಿ, ತಮಿಳಿನಲ್ಲೇ ಜಗಳವಾಡುವ ಜನ! ಆದರೆ ಮಂಡಳಿಯ ಸದಸ್ಯನಿಗೆ ಬೇರೇನು ಕೆಲಸವಿದೆ? ನನ್ನ ಅನುವಾದ ಮೂಲಕ್ಕಿಂತ ಉದ್ದವಾಗಿತ್ತು.

"ಅಣ್ಣೋ, ಅವ್ರು ಏಳಿದ್ದು ನಮ್ಗೂ ತಿಳೀತು," ಅಂದಳು ಪಕ್ಕದ ಮನೆಯ ಗೌರಮ್ಮ. "ಕುಯ್ಲು ಯಾವಾಗ?"

ಅಧ್ಯಕ್ಷರು ನನ್ನತ್ತ ಬಾಗಿ ಕೇಳಿದರು: "ಇವರಿಗೆ ಇಂಥದ್ದರ ಅನುಭವ ಮೊದಲೇ ಇದೆಯೇ?"

ಇದೆ ಎಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಜನರಿಗೆ ಮೊದಲೇ ಗೊತ್ತಿದ್ದರೆ ಇನ್ನು ಸದಸ್ಯನಾಗಿ ನಾನೇಕೆ? "ಇಲ್ಲ ಐಯಾ," ಎಂದು ತಮಿಳಿನಲ್ಲಿ ಘೋಷಿಸಿದೆ. "ಇವರಿಗಿದು ಹೊಸದು. ನಾವೇ ಎಚ್ಚರಿಸಬೇಕು!"

ಶಿವಮಲ್ಲಪ್ಪ ಕುಡುಗೋಲನ್ನು ಮೆಲ್ಲನೆ ನೆಲಕ್ಕಿಟ್ಟ. ನಾನು ಆಗಲೇ ಗಮನಿಸಬೇಕಿತ್ತು.

"ಹಾಗಾದರೆ ವಿವರವಾಗಿ ತಿಳಿಸಿ," ಎಂದರು ಅಧ್ಯಕ್ಷರು. ತಿಳಿಸಿದೆ. ಮುಯ್ಯಾಳುಗಳಿಗೆ ಮುಯ್ಯಿ ಎಂದರೇನು ಎಂಬುದನ್ನು ಊಟದ ಹೊತ್ತಿನವರೆಗೂ ತಿಳಿಸಿದೆ. ನೀಲಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಊಟವಾದ ಮೇಲೆ ಮತ್ತೆ ತಿಳಿಸಿದೆ. ಆನೆಗಳು ರಸ್ತೆಗೆ ಇಳಿಯುವ ಮೊದಲು ಘಾಟಿ ದಾಟಬೇಕೆಂದು ಅಧ್ಯಕ್ಷರು ಎದ್ದಾಗ ಹೊತ್ತು ವಾಲಿತ್ತು. ನನ್ನ ಬೆನ್ನು ತಟ್ಟಿ ಹೊರಟರು.

"ಊಂ, ಈಗ ಸುರು ಮಾಡನ," ಎಂದೆ.

ಎಲ್ಲರೂ ಎದ್ದು, ಪಂಚೆ ಸೀರೆ ಕೊಡವಿಕೊಂಡು ಊರ ದಾರಿ ಹಿಡಿದರು!

"ಎಲ್ಗೆ ಒಂಟ್ರಿ?"

"ಮನ್ಗೆ," ಅಂದ ಶಿವಮಲ್ಲಪ್ಪ. "ಮುಯ್ಯಿ ತೀರ್ತಲ್ಲ."

"ಒಂದ್ ತೆನೆನೂ ಕುಯ್ದಿಲ್ವಲ್ಲ ದೊಡ್ಡಪ್ಪ!"

"ಬನ್ನಿ ಅಂದೆ, ಬಂದ್ವು. ಇಟ್ಟು ಇಕ್ಕುದ್ರಿ, ಉಂಡ್ವು. ಕುಯ್ರಿ ಅನ್ನದ್ ಬುಟ್ಟು ಕೂತ್ಕಳಿ ಅಂದೋನು ನೀನು. ಕೂತ್ವು. ಕುಯ್ಯೋದ್ಕಿಂತ ಅದೇ ಕಷ್ಟ ಕಣ್ಲಾ!"

"ನಮ್ಗೇನಪ್ಪ ಗೊತ್ತು," ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಮುಯ್ಯಿ ಅಂದ್ರೇನು ಅಂತ ಇವತ್ತೇ ತಾನೆ ಕಲ್ತಿದ್ದು!"

ನ್ಯಾಯವಾಗಿ ಅವರನ್ನು ತಡೆಯುವಂತಿರಲಿಲ್ಲ. ಮುಯ್ಯಿಯಲ್ಲಿ ಕರೆದ ದಿನ ಬಂದರೆ ಲೆಕ್ಕ ಚುಕ್ತ. ಬಂದ ಆಳಿಗೆ ಯಾವ ಕೆಲಸ ಕೊಡಬೇಕೆಂಬುದು ಕರೆದವನ ಪಾಡು. ನಾನು ಕೊಟ್ಟದ್ದು ಭಾಷಣ ಕೇಳುವ ಕೆಲಸ.

ಆ ಸಂಜೆ ಗುಡುಗಿತೆಂದು ನನ್ನ ನೆನಪು. ಗುಡುಗೇ ಇರಲಿಲ್ಲ, ಅದು ಪಾತ್ರೆ ಕುಕ್ಕಿದ ಸದ್ದು ಎನ್ನುತ್ತಾಳೆ ನೀಲಮ್ಮ. ಯಾವುದೇ ಆಗಿರಲಿ, ನಾನು ನಡುಗಿದ್ದು ನಿಜ. ಅವಳು ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೋಗಿ ಬಂದಳು.

ಬೆಳಿಗ್ಗೆ ನಾನು ಹೊಲಕ್ಕೆ ಹೋಗಿ ನೋಡುತ್ತೇನೆ, ಇಡೀ ಕೇರಿಯೇ ಬಗ್ಗಿ ರಾಗಿ ಕೊಯ್ಯುತ್ತಿದೆ! ಎದೆ ಉಬ್ಬಿತು. ನನ್ನ ಮಾತು ಒಂದು ರಾತ್ರಿ ತಡವಾಗಿ ಫಲ ಕೊಟ್ಟಿತ್ತು!

"ದೊಡ್ಡಪ್ಪ, ನಾನ್ ಏಳಿದ್ದು ನಾಟ್ತು ಅನ್ನಿ."

"ನಾಟ್ತು ಕಣ್ಲಾ," ಶಿವಮಲ್ಲಪ್ಪ ತಲೆ ಎತ್ತಲಿಲ್ಲ. "ಇವತ್ತು ಕುಯ್ಲು ಮುಗೀನಿಲ್ಲ ಅಂದ್ರೆ ನಾಳೆ ಮಿಕ್ಕಿದ್ ಭಾಸ್ಣ ಮಾಡ್ತೀಯಂತೆ. ನಿನ್ ಎಂಡ್ರು ಏಳುದ್ಲು."

ಬೇರೆ ದಾರಿ ಕಾಣದೆ ನಾನೂ ಕುಡುಗೋಲು ಹಿಡಿದೆ. ನೀಲಮ್ಮ ಅದನ್ನು ಕೈಯಿಂದ ಕಿತ್ತುಕೊಂಡಳು.

"ನೀವ್ ಕುಯ್ಬೇಡಿ. ಎಲ್ಲಾರ್ಗೂ ಕಾಣೋ ಅಂಗೆ ಬದಿನ್ ಮ್ಯಾಲೆ ಇರಿ, ಸಾಕು."

ಮಧ್ಯಾಹ್ನ ಕಳೆದು ಮೋಡ ತೀರ ಕೆಳಗಿಳಿದಾಗ ಆಳುಗಳ ಕೈ ಸ್ವಲ್ಪ ನಿಧಾನವಾಯಿತು. ಗೌರಮ್ಮ ನೆಟ್ಟಗೆ ನಿಂತು ಎಲೆಅಡಿಕೆಯ ಚೀಲ ಬಿಚ್ಚಿದಳು. ನೀಲಮ್ಮ ನನ್ನತ್ತ ನೋಡಿ ಹುಬ್ಬು ಹಾರಿಸಿದಳು.

ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

ಚೀಲ ಸೊಂಟಕ್ಕೆ ಹೋಯಿತು. ಬೆನ್ನುಗಳೆಲ್ಲ ಬಾಗಿದವು. ಕೊಯ್ದದ್ದನ್ನು ಕಟ್ಟಿ, ಒಟ್ಟಿ, ಹುಲ್ಲು ಹೊದಿಸಿದ ಮೇಲೆಯೇ ಮೊದಲ ಹನಿ ಬಿತ್ತು. ಆಗ ಹೊಲದಲ್ಲಿ ಒಂದು ತೆನೆಯೂ ನಿಂತಿರಲಿಲ್ಲ.

ಬದುವಿನ ಮೇಲೆ, ನೆನೆಯುತ್ತಾ, ನಾನೊಬ್ಬನೇ ನಿಂತಿದ್ದೆ!