ಗಂಗವ್ವನ ಅರ್ಜಿ, ನನ್ನ ಅಕ್ಷರ

ಕೇಳಿದವರಿಗೆ ಸಹಾಯ ಮಾಡುವುದರಲ್ಲಿ ನನಗೆ ಅಂಥ ರುಚಿಯಿಲ್ಲ. ಬೇಡವೆಂದವರನ್ನು ಹಿಡಿದು ಕೂರಿಸಿ ಉಪಕಾರ ಮಾಡುವುದೇ ನನ್ನ ಚಟ. ಇದಕ್ಕೆಲ್ಲ ಮೂಲ ನನ್ನ ಅಕ್ಷರ. ಸಾವಿರದ ಒಂಬೈನೂರ ಇಪ್ಪತ್ತಾರು-ಇಪ್ಪತ್ತೇಳನೆಯ ಇಸವಿಯ ಸುಮಾರಿಗೆ ನಾನು ಬೆಳಗಾವಿಯ ಒಂದು ದವಾಖಾನೆಯಲ್ಲಿ ಕಾರಕೂನನಾಗಿದ್ದೆ. ನನ್ನ ಅಕ್ಷರ ಮುತ್ತು ಪೋಣಿಸಿದಂತಿದೆ ಎಂದು ಯಾರೋ ಒಮ್ಮೆ ಹೇಳಿಬಿಟ್ಟರು. ಅಂದಿನಿಂದ ಓಣಿಯ ಲಗ್ನಪತ್ರಿಕೆಗಳನ್ನೆಲ್ಲ ನಾನೇ ಮೇಲೆ ಬಿದ್ದು ಬರೆಯುತ್ತಿದ್ದೆ. ಹೆಂಡತಿ ಮಾತ್ರ, "ಅಕ್ಷರ ಛಂದ ಅದಾವರಿ, ಬುದ್ಧೀದು ದೇವರ ಬಲ್ಲ" ಎನ್ನುತ್ತಿದ್ದಳು.

ಆ ವರ್ಷ ಸರಕಾರದಿಂದ ಒಂದು ಸುತ್ತೋಲೆ ಬಂತು. ದವಾಖಾನೆಯಲ್ಲಿ ಆಯಾಗಳಾಗಿ ಕೆಲಸ ಮಾಡುವ ಹೆಂಗಸರು ನರ್ಸಿನ ಕೆಲಸ ಕಲಿಯುವುದಾದರೆ ಸರಕಾರವೇ ವಿದ್ಯಾರ್ಥಿವೇತನ ಕೊಡುತ್ತದೆಯಂತೆ. ಹೆಂಗಸರ ವಾರ್ಡಿನ ಆಯಾ ಗಂಗವ್ವ ಮರುದಿನವೇ ಅರ್ಜಿ ಬರೆದು ತಂದಳು. ಖಾನಾಪುರದವಳು, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವಳು. ಇದು ಸಿಗದಿದ್ದರೆ ದವಾಖಾನೆ ಬಿಟ್ಟು ಮನೆಗೆ ಬಂದುಬಿಡಬೇಕೆಂದು ಅವಳ ಅಣ್ಣ ಕಟ್ಟಪ್ಪಣೆ ಮಾಡಿದ್ದ.

"ಇದೇನ ಗಂಗವ್ವಾ, ಕೋಳಿ ಕೆದರಿದಂಗ ಅದಲ್ಲ? ತಾ, ನಾ ಬರದ ಕೊಡ್ತೇನಿ."

"ಬ್ಯಾಡ್ರಿ ರಾಯರ, ಇದ ಇರ್ಲಿ."

ನಾನು ಕೇಳಲಿಲ್ಲ. ಅವಳದನ್ನು ಹರಿದು ಬುಟ್ಟಿಗೆ ಹಾಕಿ, ಹೊಸದಾಗಿ ಎರಡು ಪುಟ ಬರೆದು ಅವಳಿಂದ ಸಹಿ ಮಾಡಿಸಿದೆ. ಅರ್ಜಿ ಅವರವರ ಕೈಯಿಂದಲೇ ಬರೆದಿರಬೇಕೆಂದು ಸುತ್ತೋಲೆಯಲ್ಲಿತ್ತು. ಅದನ್ನು ಗೋಡೆಗೆ ಹಚ್ಚಲು ನಕಲು ಮಾಡಿದವನೂ ನಾನೇ. ಆದರೆ ನಕಲು ಮಾಡುವಾಗ ನಾನು ಅಕ್ಷರ ನೋಡುತ್ತೇನೆ, ಅರ್ಥ ನೋಡುವುದಿಲ್ಲ.

ಸಂದರ್ಶನದ ದಿನ ದವಾಖಾನೆಯ ಮುಖ್ಯಸ್ಥೆ ಡಾಕ್ಟರಬಾಯಿ ಅವಳಿಂದ ನಾಲ್ಕು ಸಾಲು ಬರೆಸಿ, ಅರ್ಜಿಯ ಪಕ್ಕಕ್ಕಿಟ್ಟು ನೋಡಿದರು. "ಇದು ನೀ ಬರದದ್ದಲ್ಲ. ಸುಳ್ಳು ಹೇಳವರ ಕೈಯಾಗ ಔಷಧ ಹೆಂಗ ಕೊಡೂದು?"

ಗಂಗವ್ವ ನನ್ನ ಹೆಸರು ಹೇಳಲಿಲ್ಲ. ಒಮ್ಮೆ ನನ್ನತ್ತ ನೋಡಿದಳು, ಅಷ್ಟೇ. ಟಿಪ್ಪಣಿ ಬರೆಯಲು ಅಲ್ಲೇ ಕುಳಿತಿದ್ದ ನಾನು, ನೌಕರಿ ಹೋದೀತೆಂದು ಬಾಯಿ ಬಿಡಲಿಲ್ಲ. ಅವಳ ಹೆಸರಿನ ಮುಂದೆ 'ನಾಮಂಜೂರು' ಎಂದು ಬರೆದೆ. ಅದನ್ನೂ ಅಂದವಾಗಿಯೇ ಬರೆದೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಅವಳು ಗಂಟು ಕಟ್ಟಿಕೊಂಡು ಊರಿಗೆ ಹೋದಳು. ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ರೈಲು ಹತ್ತಿದೆ. ದೇಸೂರ ಸ್ಟೇಷನ್ನು ದಾಟುವ ಹೊತ್ತಿಗೆ ಕ್ಷಮೆಯ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಖಾನಾಪುರದ ಮನೆಯಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದ ಗಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು.

"ನನ್ನ ಮುಂದ ಹೇಳಿದ್ರ ಏನ ಬಂತ್ರಿ ರಾಯರ? ನನಗ ಗೊತ್ತ ಐತಿ. ಡಾಕ್ಟರಬಾಯಿ ಮುಂದ ಹೇಳ್ರಿ."

ಹೇಳಿದೆ. ಚೆನ್ನಾಗಿ ಬೈಸಿಕೊಂಡೆ, ಬರಬೇಕಿದ್ದ ಬಡ್ತಿಯೂ ನಿಂತಿತು. ಗಂಗವ್ವನಿಗೆ ಮತ್ತೊಮ್ಮೆ ಬರೆಯಲು ಅಪ್ಪಣೆಯಾಯಿತು. ಮುಂದೆ ಅವಳಿಗೆ ಮಂಜೂರಿ ತಂದುಕೊಟ್ಟ ಆ ಅರ್ಜಿಯನ್ನು ಅವಳು ನನ್ನ ಮೇಜಿನ ಎದುರೇ ಕುಳಿತು ಬರೆದಳು. ಮೂರನೆಯ ಸಾಲಿಗೆ ಲೇಖನಿಯ ಟಾಕಿನಿಂದ ಮಸಿ ಚೆಲ್ಲಿತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಗಂಗವ್ವ ತಲೆ ಎತ್ತದೆಯೇ ಕಾಗದವನ್ನು ತನ್ನತ್ತ ಎಳೆದುಕೊಂಡು, "ಸುಮ್ಮ ಕುಂದರ್ರಿ ರಾಯರ" ಎಂದಳು.

ಕುಳಿತೆ. ಬಹಳ ಕಷ್ಟವಾಯಿತು.