ಮಹಡಿ ಮೇಲಿನ ವೈಫೈ ಕಳ್ಳ

ರಂಗನಾಯಕಿಗೆ ಇಂಟರ್ನೆಟ್ ಎಂದರೆ ದಿನಾ ಬೆಳಿಗ್ಗೆ ತಂಗಿಗೆ ಹೂವಿನ ಚಿತ್ರ ಕಳಿಸುವುದು, ಅಷ್ಟೇ ಎಂದು ಅವರ ಯಜಮಾನರು ವೆಂಕಟಾಚಲ ಬಹುಕಾಲ ನಂಬಿದ್ದರು. ಚಾಮರಾಜಪೇಟೆಯ ಆ ಮನೆಯಲ್ಲಿ ಗಣಕವಿದ್ಯಾ ಚಕ್ರವರ್ತಿ ತಾವೊಬ್ಬರೇ! ಆದ್ದರಿಂದ, ತಿಂಗಳ ಡೇಟಾ ಮುಗಿಯುತ್ತ ಬಂತೆಂದು ಕಂಪನಿಯ ಮೆಸೇಜು ಬಂದಾಗ ಎದೆಯುಬ್ಬಿಸಿ ಘೋಷಿಸಿದರು: "ಇದನ್ನ ನಾನು ಪತ್ತೆ ಮಾಡ್ತೀನಿ. ನೀನು ಹುಳಿ ನೋಡ್ಕೋ!"

ತಮ್ಮ ಕಂಪ್ಯೂಟರ್ ಎಷ್ಟು ಡೇಟಾ ಬಳಸಿದೆ ಎಂಬ ಲೆಕ್ಕ ತೆರೆದರು. 'ವೈಫೈ' ಎಂಬ ಸಾಲಿನಲ್ಲಿ ಇದ್ದದ್ದು ಚಿಟಿಕೆಯಷ್ಟು. ಕುರ್ಚಿಯಿಂದೆದ್ದು ಕೂಗಿದರು.

"ಕಳ್ಳ!"

"ಎಲ್ಲಿ?" ರಂಗನಾಯಕಿ ಸೌಟು ಹಿಡಿದೇ ಓಡಿಬಂದರು.

"ವೈಫೈ ಒಳಗೆ! ಕಂಪನಿ ಮೂಟೆ ಖರ್ಚಾಗಿದೆ ಅಂತಿದೆ, ನಾನು ಬಳಸಿದ್ದು ಇಲ್ಲಿ ಚಿಟಿಕೆ ತೋರಿಸ್ತಿದೆ. ಮಹಡಿ ಮೇಲಿನ ಕೇದಾರ್‌ದೇ ಕೆಲಸ."

"ಪಾಪ ರೀ! ಬಾಡಿಗೆ ಜೊತೆ ವೈಫೈ ಕೊಟ್ಟಿರೋದು ನೀವೇ. ನಮ್ಮ ಸಿಲಿಂಡರ್ ಎತ್ತಿಡೋದೂ ಅವನೇ."

"ಎತ್ತೋ ಅಭ್ಯಾಸ ಇದೆ ಅಂತಾಯ್ತಲ್ಲ!"

ಪಾಸ್‌ವರ್ಡ್ ಬದಲಾಯಿತು. ಕೈಹಿಡಿದವಳಿಗೂ ಹೇಳಲಿಲ್ಲ! ಆಮೇಲೆ ಕದ ಹಾಕಿಕೊಂಡು, ವೈಫೈ ಕಳ್ಳನನ್ನು ಹಿಡಿಯುವುದು ಹೇಗೆಂಬ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ನೋಡಿದರು. ಒಬ್ಬ ಪಂಡಿತ ಎಚ್ಚರಿಸಿದ: ಅಪರಾಧ ಕಳ್ಳ ಮಾಡಿದರೂ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ! ಸಂಜೆ ಇನ್ನೊಂದು ಮೆಸೇಜು: ಡೇಟಾ ಪೂರ್ತಿ ಖಾಲಿ. ವೈಫೈ ಸಾಲು ಮಾತ್ರ ಒಂದಿಷ್ಟೂ ಕದಲಿರಲಿಲ್ಲ.

ಪಾಸ್‌ವರ್ಡ್ ಇಲ್ಲದೆಯೂ ನುಗ್ಗಿದ್ದಾನೆ! ಬೀದಿಯಲ್ಲಿ ಸ್ಕೂಟರ್ ನಿಂತರೂ ವೆಂಕಟಾಚಲ ಕಿಟಕಿಗೆ ಓಡಿ ಇಣುಕತೊಡಗಿದರು. ಕಣ್ಮುಂದೆ ಒಂದೇ ಚಿತ್ರ: ತಮ್ಮ ಕೈಗೆ ಕೋಳ, ಹಿಂದೆ ಪೊಲೀಸರು, ಎರಡೂ ಕಡೆ ಬಾಗಿಲಲ್ಲಿ ನಿಂತ ನೆರೆಹೊರೆ! ತಡೆಯಲಾರದೆ ಪರಿಚಯದ ಹೆಡ್ ಕಾನ್‌ಸ್ಟೇಬಲ್ ಮುತ್ತುರಾಜ್‌ಗೆ ಫೋನ್ ಮಾಡಿ, ಕೇದಾರನ ಹೆಸರು ಹೇಳಿಯೇಬಿಟ್ಟರು.

"ಏನ್ರೀ ಮಾಡಿದ್ರಿ? ಆ ಹುಡುಗನ್ನ ಸ್ಟೇಷನ್‌ಗೆ ಕರ್ಕೊಂಡ್ ಹೋದ್ರೆ ನಾವು ಮುಖ ಎಲ್ಲಿಟ್ಕೊಳ್ಳೋದು?" ರಂಗನಾಯಕಿ ಸೀದಾ ಕಂಪ್ಯೂಟರ್ ಮುಂದೆ ಕೂತರು. "ವೈಫೈ ಕೆಳಗಿನ ಸಾಲು ಯಾಕೆ ನೋಡಿಲ್ಲ?"

"ಅದು ಈಥರ್ನೆಟ್ಟು. ನಮಗೆ ಸಂಬಂಧ ಇಲ್ಲ."

"ಗೋಡೆ ದಪ್ಪ, ಹಿಂದಿನ ರೂಮಿಗೆ ವೈಫೈ ಬರಲ್ಲ ಅಂತ ಕೂಗಾಡಿ ವೈರ್ ಎಳೆಸ್ಕೊಂಡೋರು ಯಾರು? ನಿಮ್ಮ ಕಂಪ್ಯೂಟರ್ ನಡೀತಿರೋದು ಆ ವೈರಲ್ಲಿ. ಅದಕ್ಕೆ ವೈಫೈ ಪಾಸ್‌ವರ್ಡೂ ಬೇಡ. ಅದರ ಲೆಕ್ಕ ಬೇರೆ, ಈ ಸಾಲಲ್ಲಿ ಬರತ್ತೆ. ನೋಡಿ, ನಿಮ್ಮ ಮೂಟೆ ಇಲ್ಲೇ ಇದೆ! ಇವತ್ತು ಖಾಲಿಯಾಗಿದ್ದು ಪೂರಾ ನೀವು ಕಳ್ಳನ್ನ ಹಿಡಿಯೋ ವಿಡಿಯೋ ನೋಡಿ."

ಹೊರಗೆ ಬೈಕ್ ನಿಂತಿತು. ಗೇಟು ಕಿರ್ರೆಂದಿತು.

"ಸಾರ್! ಎಲ್ಲಿ ಸಾರ್ ಕಳ್ಳ?" ಮುತ್ತುರಾಜ್ ದನಿ.

ಲುಂಗಿ ಬಿಗಿಹಿಡಿದು ಬಾಗಿಲ ಮರೆಗೆ ಸರಿದ ವೆಂಕಟಾಚಲ ಪಿಸುಗುಟ್ಟಿದರು: "ಈಗ ಅವರಿಗೆ ಏನೇ ಹೇಳ್ಲಿ?"

"ಕಳ್ಳ ಸಿಕ್ಕಿದಾನೆ, ಪ್ಯಾಂಟ್ ಹಾಕ್ಕೊಂಡ್ ಬರ್ತಾನೆ, ಕೂತ್ಕೊಳ್ಳಿ ಅನ್ನಿ."