ಒಬ್ಬರಿಗೆ ಒಂದೇ ಪಾಸು

ನಮ್ಮ ಗದಗ ಸೀಮೆಯಲ್ಲಿ ಕಾಯಿಲೆ ಎನ್ನುವುದು ಕಾಯಿಲೆ ಬಿದ್ದವರ ಸ್ವಂತ ಆಸ್ತಿಯಲ್ಲ. ಅದರಲ್ಲಿ ಬಳಗಕ್ಕೆಲ್ಲ ಪಾಲಿದೆ. ಒಬ್ಬರು ಆಸ್ಪತ್ರೆ ಸೇರಿದರೆಂಬ ಖಬರು ಹೊರಟರೆ ಸಾಕು, ಊರೂರಿನಿಂದ ಜನ "ಮಾತಾಡಿಸಿಕೊಂಡು ಬರಬೇಕು" ಎಂದು ಎದ್ದುಬಿಡುತ್ತಾರೆ. ಈ ಮಾತಾಡಿಸುವುದಕ್ಕೆ ಒಂದು ಕ್ರಮವೇ ಇದೆ. ಮೋಸಂಬಿಯದೊಂದು ಚೀಲ ಹಿಡಿದು ಹೋಗಬೇಕು, ಕಾಟಿನ ಅಂಚಿಗೆ ಕೂಡಬೇಕು, "ಹೆಂಗದೀರಿ" ಎಂದು ಕೇಳಬೇಕು. ರೋಗಿ ಬಾಯಿ ತೆರೆಯುವುದರೊಳಗೆ ಇದೇ ಬೇನೆ ಬಂದಿದ್ದ ತಮ್ಮ ಬೀಗರೊಬ್ಬರ ಕಥೆ ತೆಗೆದು, ಪಾಪ ಅವರು ಕಡೆಗೂ ಉಳಿಯಲಿಲ್ಲ ಎಂದು ಮುಗಿಸಿ, "ನೀವೇನ ಕಾಳಜಿ ಮಾಡಬ್ಯಾಡ್ರಿ" ಎಂದು ಧೈರ್ಯ ಹೇಳಿ ಏಳಬೇಕು. ಇಷ್ಟಕ್ಕೆ ರೋಗಿಯ ರಕ್ತದೊತ್ತಡ ಏರುತ್ತದೆ ನಿಜ. ಆದರೆ ಯಾರಾದರೂ ಮಾತಾಡಿಸಲು ಬಾರದೆ ಉಳಿದರೆ ಅದು ಏರಿದ್ದು ಇಳಿಯುವುದೇ ಇಲ್ಲ. ಹೊಲಿಗೆ ಬಿಚ್ಚಿ, ಗಾಯ ಮಾಯ್ದು, ಮೊಮ್ಮಕ್ಕಳ ಮದುವೆಯಾದರೂ "ಆವಾಗ ನಾ ಬ್ಯಾನಿ ಬಿದ್ದಾಗ ಅವರು ಹಣಿಕಿ ಹಾಕಲಿಲ್ಲ" ಎನ್ನುವ ಮಾತು ಮನೆಯಲ್ಲಿ ಉಳಿದಿರುತ್ತದೆ.

ಇಂಥ ಸೀಮೆಯಲ್ಲಿ ಹುಟ್ಟಿ, ಆಸ್ಪತ್ರೆಗಳಿಂದ ನೆಂಟರನ್ನು ಹೊರಗೆ ಹಾಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಪುಣ್ಯಾತ್ಮ ನಾನು. ನಾನು ಕಾಲೇಜಿನಲ್ಲಿ ಆಸ್ಪತ್ರೆಯ ಆಡಳಿತ ಕಲಿಸುತ್ತೇನೆ, ಸಾರ್ವಜನಿಕ ಆರೋಗ್ಯದ ಮೇಲೆ ಸಂಶೋಧನೆ ಮಾಡುತ್ತೇನೆ. ಇದನ್ನು ಬಳಗಕ್ಕೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಸೂಜಿ ಮಾಡುತ್ತೀಯಾ ಎಂದರೆ ಇಲ್ಲ. ಗುಳಿಗೆ ಬರೆಯುತ್ತೀಯಾ ಎಂದರೆ ಅದೂ ಇಲ್ಲ. ಹಾಗಾದರೆ ದವಾಖಾನೆಯಲ್ಲಿ ನಿನಗೇನು ಕೆಲಸ ಎಂದರೆ, ಅಲ್ಲಿ ಜನ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ನೋಡುತ್ತೇನೆ ಎನ್ನಬೇಕಾಗುತ್ತದೆ. ನನ್ನ ದೊಡ್ಡತ್ತೆ ಇದನ್ನು ಕೇಳಿ ಬಹಳ ಹೊತ್ತು ಯೋಚಿಸಿ, "ಆತು ಬಿಡು, ನೆಳ್ಳಾಗಿನ ಕೆಲಸ" ಎಂದಿದ್ದಳು. ಅಂದಿನಿಂದ ಬಳಗದಲ್ಲಿ ನನ್ನ ಹುದ್ದೆ ಅದೇ, ನೆರಳಿನಲ್ಲಿ ಕೂಡುವುದು.

ನನ್ನ ಸಂಶೋಧನೆಯ ವಿಷಯ ವಾರ್ಡುಗಳಲ್ಲಿ ನೆಂಟರ ಗದ್ದಲ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂದು ತಿರುಗಿ, ಒಬ್ಬ ರೋಗಿಯ ಸುತ್ತ ಎಷ್ಟು ಜನ ಕೂತಿದ್ದಾರೆಂದು ಎಣಿಸಿದೆವು. ಲಕ್ಷ್ಮೇಶ್ವರದಲ್ಲಿ ಒಬ್ಬ ಬಾಣಂತಿಯ ಕಡೆಯವರು, ನಾವು ಪಾಪ ಬಿಸಿಲಿನಲ್ಲಿ ನಿಂತು ಎಣಿಸುತ್ತಿದ್ದೇವೆಂದು ನಮ್ಮನ್ನೂ ಕರೆದು ಕೂಡಿಸಿ, ಗಿರಮಿಟ್ಟು, ಮಿರ್ಚಿ ಕೊಟ್ಟರು. ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಾಮಾಣಿಕಳು; ತಿಂದು ಕೈ ತೊಳೆದು ಬಂದು ನಮ್ಮನ್ನೂ ಆ ಬಾಣಂತಿಯ ನೆಂಟರ ಲೆಕ್ಕಕ್ಕೆ ಸೇರಿಸಿಬಿಟ್ಟಳು. ನಾನು ತಿದ್ದಲು ಹೋಗಲಿಲ್ಲ. ಮಿರ್ಚಿ ಬಹಳ ಚೆನ್ನಾಗಿತ್ತು.

ಸಂಶೋಧನಾ ಲೇಖನಗಳನ್ನು ಬರೆದವರೂ ಎರಡನೆಯ ಸಲ ಓದುವುದಿಲ್ಲ. ಆದರೆ ನನ್ನ ದುರ್ದೈವಕ್ಕೆ ಬೆಟಗೇರಿ ಕಡೆಯ ಒಂದು ಆಸ್ಪತ್ರೆಯವರು (ಹೆಸರು ಬೇಡ, ಒಳ್ಳೆಯ ಜನ) ನನ್ನದನ್ನು ಓದಿದರು. ಓದಿ ಜಾರಿಗೂ ತಂದರು. ಒಬ್ಬ ರೋಗಿಗೆ ಒಂದೇ ಪಾಸು. ಪಾಸು ಕೈಯಲ್ಲಿದ್ದವರು ಹೊರಗೆ ಬಂದರೆ ಮಾತ್ರ ಇನ್ನೊಬ್ಬರು ಒಳಗೆ. ಸಂಜೆ ಮಾತ್ರ ಒಂದು ತಾಸು ಎಲ್ಲರಿಗೂ ಬಿಡುವುದು. ತಾಸು ಮುಗಿದ ಕೂಡಲೇ ಗಂಟೆ ಬಾರಿಸುವುದು. ಬಾಗಿಲಿಗೆ ಹುಸೇನಸಾಬ ಎಂಬ ಗಟ್ಟಿಮುಟ್ಟಾದ ಕಾವಲುಗಾರನನ್ನು ನಿಲ್ಲಿಸಿದರು. ನಾನೇ ಹೋಗಿ ಅವನಿಗೆ ತರಬೇತಿ ಕೊಟ್ಟೆ. ಆ ದಿನ ಹುರುಪು ಜಾಸ್ತಿಯಾಗಿ, "ಯಾರ ಬಂದ್ರೂ ಬಿಡಬ್ಯಾಡ್ರಿ, ನಾನು ಹೇಳಿದ್ರೂ ಬಿಡಬ್ಯಾಡ್ರಿ" ಎಂದುಬಿಟ್ಟೆ. ಹುಸೇನಸಾಬ ತಲೆಯಾಡಿಸಿದ. ಅವನು ಒಮ್ಮೆ ತಲೆಯಾಡಿಸಿದರೆ ಮುಗಿಯಿತು ಎಂದು ನನಗೆ ಆಗ ಗೊತ್ತಿರಲಿಲ್ಲ.

ಈಗ ನನ್ನ ಅತ್ತೆಯರ ವಿಷಯ ಹೇಳಬೇಕು. ಇಬ್ಬರೂ ನನ್ನ ಅಪ್ಪನ ಒಡಹುಟ್ಟಿದವರು. ದೊಡ್ಡತ್ತೆ ನೀಲವ್ವನನ್ನು ಲಕ್ಕುಂಡಿಗೆ ಕೊಟ್ಟಿತ್ತು, ಸಣ್ಣತ್ತೆ ಶಾಂತವ್ವನನ್ನು ಹೊಳೆದಂಡೆಯ ಹಮ್ಮಿಗಿಗೆ. ನಾನು ಹೈಸ್ಕೂಲು ಓದಿದ್ದು ದೊಡ್ಡತ್ತೆಯ ಮನೆಯಲ್ಲಿ, ಬೇಸಿಗೆಯ ಸೂಟಿ ಕಳೆದದ್ದು ಸಣ್ಣತ್ತೆಯ ಮನೆಯಲ್ಲಿ. ಒಬ್ಬಳು ಬಡಿದು ಓದಿಸಿದಳು, ಇನ್ನೊಬ್ಬಳು ಉಣಿಸಿ ಕೆಡಿಸಿದಳು. ಅಕ್ಕತಂಗಿಯರೆಂದರೆ ಹೀಗಿರಬೇಕು ಎಂದು ಎರಡೂ ಊರಿನವರು ಹೇಳುವಷ್ಟು ಅನ್ಯೋನ್ಯ ಅವರದು. ಆಮೇಲೆ ಸಣ್ಣತ್ತೆಗೆ ಮೊಣಕಾಲಿನ ಆಪರೇಶನ್ ಆಯಿತು, ಹುಬ್ಬಳ್ಳಿಯಲ್ಲಿ. ದೊಡ್ಡತ್ತೆ ಗೋದಿ, ಬೆಲ್ಲದ ಮಾದಲಿ ಮಾಡಿಕೊಂಡು, ಗಂಟು ಕಟ್ಟಿಕೊಂಡು ಹೊರಟೇ ಹೊರಟಳು. ಗದಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಸಿಕ್ಕು, "ಅವರನ್ನ ನಿನ್ನೆನ ಮನಿಗೆ ಕಳಿಸ್ಯಾರ" ಎಂದ. ದೊಡ್ಡತ್ತೆ ಅಲ್ಲಿಂದಲೇ ತಿರುಗಿ ಊರಿಗೆ ಹೋದಳು. ಸಣ್ಣತ್ತೆ ಮಾತ್ರ ಹುಬ್ಬಳ್ಳಿಯಲ್ಲೇ ಕಾಲು ಚಾಚಿ ಮಲಗಿ ಇನ್ನೂ ಅನೇಕ ದಿನ ಬಾಗಿಲು ನೋಡಿದಳು.

ಅಕ್ಕ ಬರಲಿಲ್ಲವೆಂದು ತಂಗಿಗೆ ಸಿಟ್ಟು, ಹೊರಟು ಬಂದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ಅಕ್ಕನಿಗೆ ಸಿಟ್ಟು; ಅಂದಿನಿಂದ ಮಾತು ಬಂದ್. ಮದುವೆ ಮುಂಜಿಗಳಲ್ಲಿ ಇಬ್ಬರೂ ಒಂದೇ ಪಂಕ್ತಿಗೆ ಬಂದರೆ ನಡುವೆ ನಾನು ಕೂಡಬೇಕು. "ಉಪ್ಪ ಕೊಡಾಕ ಹೇಳು ಅಕಿಗೆ" ಎಂದು ಇವಳು, "ಉಪ್ಪ ಹಾಕ್ಕೊಂಡ್ರ ಬಿಪಿ ಆಕ್ಕೈತಿ ಅನ್ನು" ಎಂದು ಅವಳು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕಾಳಜಿ ಇದೆ ಎಂದು ಎಲೆಯಲ್ಲಿದ್ದ ಬದನೆಕಾಯಿಗೂ ಗೊತ್ತಾಗುತ್ತಿತ್ತು. ಆದರೆ ಯಾರು ಮೊದಲು ಬಾಯಿ ಬಿಡಬೇಕು? ನಾನು ನಡುವೆ ಕೂತು ಉಪ್ಪು ದಾಟಿಸುತ್ತ ಮುದುಕನಾಗುತ್ತಿದ್ದೆ. ಇಬ್ಬರಿಗೂ ವಯಸ್ಸಾಗಿದೆ, ಹೀಗೆಯೇ ಒಂದು ದಿನ ಒಬ್ಬಳು ಹೋಗಿಬಿಟ್ಟರೆ ಇನ್ನೊಬ್ಬಳು ಹೇಗೆ ತಡೆದುಕೊಂಡಾಳು ಎಂದು ನನಗೆ ಖರೇನೇ ಹೆದರಿಕೆಯಾಗುತ್ತಿತ್ತು.

ಕಳೆದ ವರ್ಷ ದೊಡ್ಡತ್ತೆಯ ಪಿತ್ತಕೋಶದಲ್ಲಿ ಹರಳು ಕಂಡವು. ಆಪರೇಶನ್ನಿಗೆ ಸೇರಿಸಿದ್ದು ಇದೇ ಬೆಟಗೇರಿ ಕಡೆಯ ಆಸ್ಪತ್ರೆಗೆ. ಅಳಿಯನಾದ ನಾನು ಅಲ್ಲಿ ಸಲಹೆ ಕೊಡುತ್ತೇನೆಂಬ ಹೆಮ್ಮೆ ಅವಳಿಗೆ. ಆಪರೇಶನ್ ಸುಸೂತ್ರವಾಯಿತು. ಮರುದಿನ ಬೆಳಿಗ್ಗೆ ನಾನು ಬಾಗಿಲಿಗೆ ಹೋಗಿ ನೋಡುತ್ತೇನೆ, ಹುಸೇನಸಾಬನ ಎದುರು ಗಂಟು ಹಿಡಿದುಕೊಂಡು ಸಣ್ಣತ್ತೆ ನಿಂತಿದ್ದಾಳೆ! ಹಮ್ಮಿಗಿಯಿಂದ ಮೊದಲ ಬಸ್ಸಿಗೆ ಹೊರಟು, ಮುಂಡರಗಿಯಲ್ಲಿ ಬಸ್ಸು ಬದಲಿಸಿ, ಆ ಮೊಣಕಾಲು ಎಳೆದುಕೊಂಡು ಬಂದಿದ್ದಳು. ಸಿಟ್ಟು ನುಂಗಿ, ತಾನೇ ಸೋತು, ಅಕ್ಕನನ್ನು ಮಾತಾಡಿಸಲು ಬಂದಿದ್ದಳು. ನನಗೆ ಕಣ್ಣು ತುಂಬಿ ಬಂತು. ಆದರೆ ಹುಸೇನಸಾಬನಿಗೆ ಬರಲಿಲ್ಲ. ದೊಡ್ಡತ್ತೆಯ ಪಾಸು ಅಂತೂರ ಬೆಂತೂರು ಎಂಬ ಊರಿನಿಂದ ತಂದ ಅವಳ ಸೊಸೆಯ ಬಳಿ ಇತ್ತು. ಅವಳು ಔಷಧ ತರಲು ಪಾಸಿನ ಸಮೇತ ಪೇಟೆಗೆ ಹೋಗಿದ್ದಳು, ಫೋನು ಎತ್ತುತ್ತಿರಲಿಲ್ಲ. ನಾನು ಹುಸೇನಸಾಬನನ್ನು ಪಕ್ಕಕ್ಕೆ ಕರೆದು, ಇವರು ನಮ್ಮತ್ತೆ, ಇದೊಂದು ಸಲ ಬಿಡಿ ಎಂದೆ. ಅವನು ಬಹಳ ನೊಂದುಕೊಂಡು, ಬಹಳ ಮರ್ಯಾದೆಯಿಂದ ಹೇಳಿದ: "ಸರ, ನಾನು ಹೇಳಿದ್ರೂ ಬಿಡಬ್ಯಾಡ್ರಿ ಅಂತ ನೀವ ಹೇಳೀರಿ. ಈಗ ನಿಮ್ಮ ಯಾವ ಮಾತು ಕೇಳಲಿ?"

ಸಣ್ಣತ್ತೆ ಗೋಡೆಯ ಮೇಲಿನ ಬೋರ್ಡು ನೋಡಿದಳು, ನನ್ನನ್ನು ನೋಡಿದಳು, ಗಂಟನ್ನು ಬಗಲಿಗೆ ಏರಿಸಿದಳು.

"ಅಕಿ ಗದಗ ಬಸ್‌ಸ್ಟ್ಯಾಂಡಿನ ತನಕ ಬಂದು ಹೊಳ್ಳಿ ಹೋಗಿದ್ಲು. ನಾ ಬಾಗಲ ತನಕ ಬಂದೀನಿ. ಇನ್ನ ಮ್ಯಾಲೆ ನನ್ನ ಮ್ಯಾಲ ಯಾರೂ ಮಾತ ಹೊರಸೂದು ಬ್ಯಾಡ. ನಾ ಹೊಂಟೆ, ತಮ್ಮಾ."

ಇವಳು ಈ ಬಾಗಿಲಿನಿಂದ ತಿರುಗಿ ಹೋದರೆ ಇನ್ನು ಈ ಜನ್ಮದಲ್ಲಿ ಇವರಿಬ್ಬರು ಒಂದಾಗುವುದಿಲ್ಲ, ಅದೂ ನಾನು ಹಾಕಿಸಿದ ಬಾಗಿಲಿನಿಂದ. ಅವಳನ್ನು ಬೆಂಚಿನ ಮೇಲೆ ಕೂಡಿಸಿ, ಒಂದೇ ಉಸಿರಿಗೆ ವಾರ್ಡಿಗೆ ಓಡಿದೆ (ಸಲಹೆಗಾರನಿಗೆ ಪಾಸು ಬೇಡ, ಅಷ್ಟು ಜಾಣತನ ಮೊದಲೇ ಮಾಡಿಕೊಂಡಿದ್ದೆ). ಡಾಕ್ಟರರೇ ನಿಮಗೆ ನಾಲ್ಕು ಹೆಜ್ಜೆ ಅಡ್ಡಾಡಲು ಹೇಳಿದ್ದಾರೆ, ಬಾಗಿಲ ತನಕ ಬನ್ನಿ ಎಂದು ದೊಡ್ಡತ್ತೆಯ ಕೈ ಹಿಡಿದೆ. ತಂಗಿ ಬಂದಿದ್ದಾಳೆಂದು ಕೇಳಿದ್ದೇ ಅವಳ ಮುಖ ಒಂದು ಗಳಿಗೆ ಅರಳಿತು. ಮರುಗಳಿಗೆ ದಿಂಬಿಗೆ ಒರಗಿ ಕೂತಳು. ಮಾತಾಡಿಸಲು ಬಂದವರನ್ನು ಬ್ಯಾನಿ ಬಿದ್ದವರೇ ಎದ್ದು ಹೋಗಿ ಎದುರುಗೊಳ್ಳುವ ರೀತಿ ಯಾವ ಊರಿನದು ಎಂದು ಕೇಳಿದಳು. ಅದೂ ನಿಜವೇ. ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಪರಿಹಾರವಿರಲಿಲ್ಲ.

ಬಾಗಿಲಿಗೆ ಮರಳಿ ಬರುವಾಗ ನನಗೆ ಒಂದು ಬುದ್ಧಿ ಹೊಳೆಯಿತು. ನಿಯಮ ಇರುವುದು ನೋಡಲು ಬಂದವರಿಗೆ; ತೋರಿಸಿಕೊಳ್ಳಲು ಬಂದವರಿಗೆ ಯಾವ ಹುಸೇನಸಾಬನೂ ಅಡ್ಡ ಬರುವಂತಿಲ್ಲ. ಸಣ್ಣತ್ತೆಯ ಹೆಸರಿನಲ್ಲಿ ಒಂದು ಚೀಟಿ ಮಾಡಿಸಿ, ಬಿಪಿ ತೋರಿಸಿಕೊಂಡು ಹೋಗಿ ಎಂದು ಪುಸಲಾಯಿಸಿ ಕರೆದೊಯ್ದೆ. ಚೀಟಿ ನೋಡಿ ಹುಸೇನಸಾಬ ಸಲಾಮು ಹೊಡೆದು ಬಾಗಿಲು ತೆರೆದ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿರುವಾಗ, ಬಿಪಿ ನೋಡಿದ ಡಾಕ್ಟರಮ್ಮ ನಗು ನಿಲ್ಲಿಸಿ ಇನ್ನೊಮ್ಮೆ ನೋಡಿದರು. ಬಸ್ಸು ಹಿಡಿಯುವ ಅವಸರದಲ್ಲಿ ಅತ್ತೆ ಬೆಳಗಿನ ಗುಳಿಗೆ ಬಿಟ್ಟಿದ್ದಳು. ಮೇಲೆ ನನ್ನ ಬಾಗಿಲಿನ ಸಿಟ್ಟು. ಬಿಪಿ ಏರಿ ಕೂತಿತ್ತು. ಇವರನ್ನು ಹೀಗೆ ಕಳಿಸಲಾಗದು, ಮಲಗಿಸಿ ಸಂಜೆಯ ತನಕ ನೋಡೋಣ ಎಂದರು. ಸುಳ್ಳು ರೋಗಿಯನ್ನು ಮಾಡಲು ಹೋಗಿ ಖರೆ ರೋಗಿಯನ್ನೇ ಮಾಡಿದ್ದೆ. ಹೆಂಗಸರ ವಾರ್ಡಿನಲ್ಲಿ ಖಾಲಿ ಇದ್ದದ್ದು ಒಂದೇ ಕಾಟು, ದೊಡ್ಡತ್ತೆಯ ಮಗ್ಗುಲಿನದು.

ಸಣ್ಣತ್ತೆಯನ್ನು ಗಾಲಿ ಕುರ್ಚಿಯಲ್ಲಿ ತಂದು ಮಲಗಿಸಿದರು. ಅವಳು ಗೋಡೆಯ ಕಡೆಗೆ ಮುಖ ಮಾಡಿದಳು. ದೊಡ್ಡತ್ತೆ ನೋಡಿದಳು. ಮಾತಾಡಿಸಲು ಬಂದಿದ್ದ ತಂಗಿ ಈಗ ಬೇನೆ ಬಿದ್ದವಳು. ಅಷ್ಟೇ ಸಾಕಾಯಿತು. ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಸಲಾಯಿನ್ನಿನ ಕಂಬ ತಳ್ಳಿಕೊಂಡು, ಕಾಟಿನಿಂದ ಇಳಿದೇಬಿಟ್ಟಳು. ನರ್ಸು ಓಡಿ ಬಂದರೂ ಕೇಳಲಿಲ್ಲ. ಆ ಕಾಟಿನ ಅಂಚಿಗೆ ಹೋಗಿ ಕೂತು, ಯಾರೋ ತಂದಿಟ್ಟಿದ್ದ ಮೋಸಂಬಿಯೊಂದನ್ನು ತಂಗಿಯ ತಲೆಯ ಬಳಿ ಇಟ್ಟಳು.

"ಹೆಂಗದೀ, ಶಾಂತಾ? ಬರಾಕ ತಡಾ ಆತು ನೋಡವ್ವಾ."

ಸಣ್ಣತ್ತೆ ಗೋಡೆಯ ಕಡೆಗೆ ನೋಡುತ್ತಲೇ ಅತ್ತಳು. ದೊಡ್ಡತ್ತೆ ಅವಳ ಬೆನ್ನ ಮೇಲೆ ಕೈಯಾಡಿಸುತ್ತ ಅತ್ತಳು. ನಾನು ಸಲಾಯಿನ್ನಿನ ಕಂಬ ಹಿಡಿದುಕೊಂಡು ಅತ್ತೆ. ಸ್ವಲ್ಪ ಹೊತ್ತಿಗೆ ಗಂಟು ಬಿಚ್ಚಿತು. ಅದರೊಳಗಿನ ಮಾದಲಿ ನೋಡಿ, ಇವರಿಬ್ಬರಿಗೂ ಇದು ಕೂಡದು ಎಂದು ಡಾಕ್ಟರಮ್ಮ ಅಂದರು. ಹಾಗಾದರೆ ನೀವು ತಿನ್ನಿ ಎಂದು ಇಬ್ಬರೂ ಒಟ್ಟಿಗೆ ಅಂದರು. ಸಂಜೆಗೆ ಬಿಪಿ ಇಳಿಯಿತು. ಆದರೆ ಅಷ್ಟರಲ್ಲಿ ಶಾಂತವ್ವನೂ ಆಸ್ಪತ್ರೆ ಸೇರಿದಳೆಂಬ ಖಬರು ಹಮ್ಮಿಗಿಗೆ ಮುಟ್ಟಿ, ಒಂದು ಟ್ರ್ಯಾಕ್ಸ್ ಗಾಡಿ ತುಂಬ ಜನ ಮಾತಾಡಿಸಲು ಬಂದಿಳಿದರು. ಬಾಗಿಲಲ್ಲಿ ಹುಸೇನಸಾಬ ನನ್ನನ್ನು ನೋಡಿದ ನೋಟ ನಾನು ಮರೆಯಲಾರೆ.

ನಿಯಮ ಮಾತ್ರ ಹಾಗೆಯೇ ಉಳಿಯಿತು, ಮತ್ತು ಅದರ ಫಲ ಉಣ್ಣಲು ನನ್ನ ಸರದಿಯೂ ಬಂತು. ಈ ಬೇಸಿಗೆಯಲ್ಲಿ ಮೂತ್ರಪಿಂಡದ ಹರಳಿನಿಂದ ಅದೇ ಆಸ್ಪತ್ರೆಯಲ್ಲಿ ಮಲಗಿದೆ. ಬಳಗದವರು ನನ್ನ ವಿದ್ಯೆಗೆ ಎಷ್ಟು ಗೌರವ ಕೊಡುತ್ತಾರೆಂದು ಆಗ ತಿಳಿಯಿತು: ಒಬ್ಬರೂ ಬರಲಿಲ್ಲ. ಅವನಿಗೆ ಜನ ಬಂದರೆ ಸೇರುವುದಿಲ್ಲ, ಅದರ ಮೇಲೇ ದೊಡ್ಡ ಪದವಿ ತಗೊಂಡಿದ್ದಾನೆ ಎಂದು ಎಲ್ಲರೂ ಮನೆಯಲ್ಲೇ ಕೂತರು. ಇದ್ದೊಂದು ಪಾಸು ಹಿಡಿದ ನನ್ನ ಹೆಂಡತಿ ಗಿರಿಜಾ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ನಾನು ಬಾಗಿಲು ನೋಡುತ್ತ ಮಲಗಿದೆ. ವಾರ್ಡು ನನ್ನ ಲೇಖನದಲ್ಲಿ ಬರೆದಂತೆಯೇ ಶಾಂತವಾಗಿತ್ತು. ಆ ಶಾಂತಿಗೆ ನನಗೆ ಅಳು ಬರುವಂತಾಗಿತ್ತು.

ಸಂಜೆಗೆ ಇನ್ನೂ ಹೊತ್ತಿತ್ತು, ಅಷ್ಟರಲ್ಲಿ ಬಾಗಿಲ ಬಳಿ ಗಲಾಟೆ ಕೇಳಿಸಿತು. ಗಿರಿಜಾ ಎದ್ದು ಹೋಗಿ ತನ್ನ ಪಾಸು ಕೊಟ್ಟು ತಾನು ಹೊರಗೆ ಉಳಿದಳು. ಒಳಗೆ ಬಂದದ್ದು ಲಕ್ಕುಂಡಿ, ಹಮ್ಮಿಗಿ ಎರಡೂ. ಅವರ ಹಿಂದೆ ಹುಸೇನಸಾಬ, ಮುಖ ಸಣ್ಣದು ಮಾಡಿಕೊಂಡು. "ಸರ, ಒಬ್ಬರಿಗೆ ಒಂದ ಪಾಸು ಅಂತ ಹೇಳಿದೆ. ನಾವಿಬ್ಬರೂ ಒಬ್ಬರ ಅನ್ನಾಕತ್ತಾರ್ರೀ" ಎಂದ. ನಾನು ಇಬ್ಬರನ್ನೂ ಚೆನ್ನಾಗಿ ನೋಡಿ, ನನ್ನ ಕಣ್ಣಿಗೂ ಒಬ್ಬರೇ ಕಾಣುತ್ತಾರೆ ಎಂದೆ. ಅವನು ತಲೆಯಾಡಿಸಿ ಹೋದ.

ಅತ್ತೆಯರು ಕಾಟಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತರು. ಹೆಂಗದೀ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಇದೇ ಹರಳಿನಿಂದ ತೀರಿಕೊಂಡ ಒಬ್ಬರ ನೆನಪು ದೊಡ್ಡತ್ತೆಗೆ ಬಂತು, ಅವರ ಸೊಸೆಯ ನೆನಪು ಸಣ್ಣತ್ತೆಗೆ ಬಂತು, ಅಲ್ಲಿಂದ ಮಾತು ಮೆಣಸಿನಕಾಯಿ, ಉಳ್ಳಾಗಡ್ಡಿ, ಸೀರೆ ಎಂದು ನನ್ನ ಹೊಟ್ಟೆಯ ಮೇಲಿಂದ ಆಚೀಚೆ ಓಡಾಡತೊಡಗಿತು. ನನ್ನನ್ನು ಮಾತಾಡಿಸಲು ಬಂದವರು ತಮ್ಮತಮ್ಮಲ್ಲೇ ಮಾತಾಡಿದರು. ನಡುವೆ ನಾನು ದಾಟಿಸಬೇಕಾದ ಉಪ್ಪು ಏನೂ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸುಖವಾಗಿ ಕಣ್ಣು ಮುಚ್ಚಿದೆ. ಹೀಗೇ ಸಂಜೆಯೂ ಆಯಿತು, ಸಂಜೆಯ ತಾಸೂ ಮುಗಿಯಿತು; ಬಾಗಿಲಿನಲ್ಲಿ ಹುಸೇನಸಾಬ ಗಂಟೆ ಬಾರಿಸಿದ. ಇಬ್ಬರೂ ಗಾಬರಿಯಾಗಿ ಎದ್ದು ಸೆರಗು ಸರಿಪಡಿಸಿಕೊಂಡು, ಇನ್ನು ಹೊರಡಬೇಕೇನು ಎಂದು ನನ್ನನ್ನು ಕೇಳಿದರು. ಏನಿಲ್ಲ, ಯಾವನೋ ತಿಳಿಗೇಡಿ ಹಾಕಿಸಿದ ಗಂಟೆ, ನೀವು ಕೂಡ್ರಿ ಎಂದೆ.